ಬಾಣಂತಿಯ ಹೊಟ್ಟೆಪಟ್ಟಿ: ಶಸ್ತ್ರಕ್ರಿಯೆಯ ಹೆರಿಗೆಯ ನಂತರದ ಔಷಧೇತರ ಉಪಶಮನದ ಚರಿತ್ರೆಗೆ ಒಂದು ಪ್ರವೇಶ

ಕನ್ನಡ ವೈದ್ಯಸಾಹಿತ್ಯವೆಂದೊಡನೆ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಿಗೆ ನೆನಪಾಗುವ ಹೆಸರುಗಳು ಕೆಲವೇ. ಎರಡನೆಯ ಚಾವುಂಡರಾಯನ ಲೋಕೋಪಕಾರ, ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ, ಮೊದಲನೆಯ ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ, ಸಾಳ್ವನ ವೈದ್ಯಸಾಂಗತ್ಯ ಇವುಗಳನ್ನು ಎಣಿಸಿ ನಾವು ಸಾಮಾನ್ಯವಾಗಿ ಮುಂದಿನ ಪ್ರಕರಣಕ್ಕೆ ಹೋಗುತ್ತೇವೆ. ಹಾವಿನ ವಿಷಕ್ಕೆ ಕಾವ್ಯವುಂಟು, ಹಸುವಿನ ರೋಗಕ್ಕೆ ಕಾವ್ಯವುಂಟು, ಕೂಸನ್ನು ಹಿಡಿಯುವ ಗ್ರಹಕ್ಕೂ ಕಾವ್ಯವುಂಟು. ಆ ಕೂಸನ್ನು ಹೆತ್ತು ಮಲಗಿದವಳ ಮೈನೋವಿಗೆ ಏನಿದೆ ಎಂಬ ಪ್ರಶ್ನೆಯನ್ನು ನಾವು ಬಹುಕಾಲ ಕೇಳಿಕೊಂಡಿರಲಿಲ್ಲ. ಮಧ್ಯಕಾಲೀನ ಸಾಹಿತ್ಯದಲ್ಲಿ ಮೂರು ದಶಕಗಳನ್ನು ಕಳೆದ ಮೇಲೂ ಕೇಳಿಕೊಂಡಿರಲಿಲ್ಲವೆಂಬುದನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸಬೇಕು.

ಪ್ರಶ್ನೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ. 2019ರಲ್ಲಿ ನಮ್ಮ ಮಗಳಿಗೆ ಉತ್ತರ ಭಾರತದ ಒಂದು ನಗರದ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾಯಿತು. ಹೆತ್ತ ತಾಯಿ ನಾವೇ ಆದರೂ ಬಾಣಂತನದ ವಿದ್ಯೆ ನಮಗೆ ಬಾರದು. ಅದಕ್ಕಾಗಿ ಗದಗಿನಿಂದ ನಮ್ಮ ಅಕ್ಕ ಬಂದಿದ್ದರು. ಅವರ ಟ್ರಂಕಿನಲ್ಲಿ ಖಾರದ ಪುಡಿ, ಅಂಟಿನುಂಡೆ, ಬಜೆಗಳ ಜೊತೆಗೆ ಒಂದು ಹಳೆಯ ಇಳಕಲ್ ಸೀರೆಯನ್ನು ಉದ್ದಕ್ಕೆ ಸೀಳಿ ಮಡಿಸಿದ ಪಟ್ಟಿ ಇತ್ತು. ಎರಡನೆಯ ದಿನ ಅದನ್ನು ಮಗಳ ಹೊಟ್ಟೆಗೆ ಸುತ್ತಲು ಹೋದಾಗ ದಾದಿಯೊಬ್ಬರು ತಡೆದು ಗದರಿಸಿದರು. ಅಕ್ಕನಿಗೆ ಹಿಂದಿ ಬಾರದು. ಅವರು ಮಗಳ ಕಡೆ ತಿರುಗಿ, "ಹೊಟ್ಟಿ ಖಾಲಿ ಆಗೇತಿ ಯವ್ವಾ, ಬಿಗಿದು ಕಟ್ಟಲಿಲ್ಲಂದ್ರ ಗಾಳಿ ಹೊಕ್ಕೊಂತೈತಿ, ಆಕಿಗೆ ಹೇಳು" ಎಂದರು. ಮಗಳು "ಇರಲಿ ಬಿಡು ದೊಡ್ಡವ್ವಾ" ಎಂದು ಕಣ್ಣು ಮುಚ್ಚಿಕೊಂಡಳು. ಮರುದಿನ ಫಿಸಿಯೋಥೆರಪಿಯ ತರುಣಿಯೊಬ್ಬಳು ಬಂದು ಎಲಾಸ್ಟಿಕ್ಕಿನ ಅಗಲವಾದ ಬೆಲ್ಟೊಂದನ್ನು ಅದೇ ಹೊಟ್ಟೆಗೆ ಕಟ್ಟಿ, ಏಳುವಾಗ ಕೆಮ್ಮುವಾಗ ಇದರಿಂದ ಹಾಯೆನಿಸುತ್ತದೆ ಎಂದು ವಿವರಿಸಿದಳು. ಬೆಲ್ಟಿನ ಬೆಲೆ ಬಿಲ್ಲಿನಲ್ಲಿ ಸೇರಿತು. ಅಕ್ಕ ಏನೂ ಮಾತಾಡಲಿಲ್ಲ.

ಈ ಪ್ರಸಂಗವನ್ನು 'ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು' ಎಂಬ ವಾದಕ್ಕೆ ಪೀಠಿಕೆಯಾಗಿ ಬಳಸುವುದು ಸುಲಭ. ಆ ವಾದ ನಮ್ಮದಲ್ಲ. ಅದೇಕೆ ನಿಲ್ಲದೆಂಬುದು ಮುಂದೆ ಸ್ಪಷ್ಟವಾಗುತ್ತದೆ. ಶಸ್ತ್ರಕ್ರಿಯೆಯಿಂದ ಹೆತ್ತವಳ ನೋವನ್ನು ಔಷಧಿಯಲ್ಲದ ಉಪಾಯಗಳಿಂದ ತಗ್ಗಿಸುವ ಪ್ರಯತ್ನಕ್ಕೆ ಒಂದು ಚರಿತ್ರೆಯಿದೆ, ಆ ಚರಿತ್ರೆಯ ಒಂದು ಭಾಗ ಕನ್ನಡದ ಬಾಣಂತನದ ಪದಗಳಲ್ಲಿ ಅಡಗಿದೆ, ಆ ಪದಗಳನ್ನು ಬಲ್ಲವರು ತೀರಿಹೋಗುವ ಮೊದಲು ಅವನ್ನು ಬರೆದಿಡಬೇಕು. ನಮ್ಮ ಮಾತು ಇಷ್ಟೇ.

*

ಹೊಟ್ಟೆಯನ್ನು ಸೀಳಿ ಶಿಶುವನ್ನು ತೆಗೆಯುವ ಪ್ರಸ್ತಾಪ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಇಲ್ಲದಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮೂಢಗರ್ಭವನ್ನು ಕುರಿತ ಎಂಟನೆಯ ಅಧ್ಯಾಯವು, ಪ್ರಸವಕಾಲದಲ್ಲಿ ತಾಯಿ ಹಠಾತ್ತನೆ ಮೃತಳಾಗಿ ಆಕೆಯ ಹೊಟ್ಟೆಯಲ್ಲಿ ಇನ್ನೂ ಸ್ಪಂದನ ಕಂಡರೆ ವೈದ್ಯನು ತಡಮಾಡದೆ ಸೀಳಿ ಶಿಶುವನ್ನು ಎತ್ತಬೇಕೆಂದು ಹೇಳುತ್ತದೆ. ಹೇಮಚಂದ್ರನ ಪರಿಶಿಷ್ಟಪರ್ವದಲ್ಲಿ ಬಿಂದುಸಾರನ ಜನನದ ಕಥೆಯೂ ಇಂಥದೇ. ವಿಷಾನ್ನವನ್ನುಂಡ ರಾಣಿ ಬದುಕುವುದಿಲ್ಲ. ಚಾಣಕ್ಯನು ಆಕೆಯ ಉದರವನ್ನು ಸೀಳಿಸಿ ಮಗುವನ್ನು ಉಳಿಸುತ್ತಾನೆ. ಮಗುವಿನ ನೆತ್ತಿಗೆ ತಾಗಿದ ವಿಷದ ಬಿಂದು ಅವನಿಗೆ ಹೆಸರಾಗುತ್ತದೆ. ರೋಮಿನ ಕಡೆ ಹೋದರೆ ಜೂಲಿಯಸ್ ಸೀಸರನ ಹೆಸರನ್ನು ಈ ಶಸ್ತ್ರಕ್ರಿಯೆಗೆ ಅಂಟಿಸಿದ ಕಥೆ ಸಿಗುತ್ತದೆ. ಅವನ ತಾಯಿ ಔರೇಲಿಯಾ ಮಗ ದೊಡ್ಡವನಾಗುವವರೆಗೂ ಬದುಕಿದ್ದಳಾದ್ದರಿಂದ ಆ ಕಥೆಯನ್ನು ನಂಬುವಂತಿಲ್ಲ.

ಈ ಎಲ್ಲ ಪ್ರಸಂಗಗಳಲ್ಲಿ ನಾವು ಗಮನಿಸಬೇಕಾದ ಅಂಶ ಒಂದೇ. ಸೀಳುವಿಕೆ ನಡೆಯುವುದು ಸತ್ತವಳ ಅಥವಾ ಸಾಯುತ್ತಿರುವವಳ ದೇಹದಲ್ಲಿ. ಉಳಿಸಬೇಕಾದದ್ದು ಶಿಶು, ಅದರಲ್ಲಿಯೂ ವಂಶದ ಶಿಶು. ಆದ್ದರಿಂದ ಶಸ್ತ್ರಕ್ರಿಯೆಯ ನಂತರದ ನೋವು ಎಂಬ ವಿಷಯವೇ ಈ ಗ್ರಂಥಗಳಲ್ಲಿ ಹುಟ್ಟುವುದಿಲ್ಲ. ಸಿಸೇರಿಯನ್ನಿನ ಪ್ರಾಚೀನತೆಯನ್ನು ಸುಶ್ರುತನಿಂದ ಎಣಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ನಾವು ಬರೆಯಹೊರಟಿರುವ ಚರಿತ್ರೆ ತಾಯಿ ಬದುಕುಳಿದ ದಿನದಿಂದ ಮಾತ್ರ ಆರಂಭವಾಗಬಲ್ಲುದು.

ಹಾಗೆ ಬದುಕಿದವಳೊಬ್ಬಳ ವಿವರವಾದ ವೃತ್ತಾಂತ ದೊರೆಯುವುದು ಆಫ್ರಿಕದಿಂದ. ಇಂಗ್ಲಿಷ್ ವೈದ್ಯ ರಾಬರ್ಟ್ ಫೆಲ್ಕಿನ್ 1879ರಲ್ಲಿ ಈಗಿನ ಉಗಾಂಡಕ್ಕೆ ಸೇರಿದ ಬುನ್ಯೋರೊ ರಾಜ್ಯದ ಕಹುರಾ ಎಂಬಲ್ಲಿ ಕಣ್ಣಾರೆ ಕಂಡುದನ್ನು 1884ರಲ್ಲಿ ಎಡಿನ್‌ಬರೊದ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಚೊಚ್ಚಲ ಹೆರಿಗೆಯ, ಸುಮಾರು ಇಪ್ಪತ್ತು ವರ್ಷದ ಹೆಣ್ಣು. ಆಕೆಗೆ ಬಾಳೆಹಣ್ಣಿನ ಮದ್ಯವನ್ನು ಕುಡಿಸಿ ಅರೆಮಂಪರಿಗೆ ತಂದಿದ್ದರು. ಶಸ್ತ್ರಕಾರನು ಅದೇ ಮದ್ಯದಿಂದ ತನ್ನ ಕೈಯನ್ನೂ ಆಕೆಯ ಹೊಟ್ಟೆಯನ್ನೂ ತೊಳೆದನು. ಹೊಟ್ಟೆಯ ನಡುವೆ ಸೀಳಿ, ರಕ್ತ ಸೋರುವೆಡೆಯಲ್ಲಿ ಕಾದ ಕಬ್ಬಿಣವನ್ನು ಮುಟ್ಟಿಸಿ, ಮಗುವನ್ನು ತೆಗೆದು, ಗರ್ಭಕೋಶವನ್ನು ಕೈಯಿಂದ ಹಿಸುಕಿ ಕುಗ್ಗಿಸಿದನು. ಗಾಯದ ಅಂಚುಗಳನ್ನು ಏಳು ಸಣ್ಣ ಕಬ್ಬಿಣದ ಮೊಳೆಗಳಿಂದ ಕೂಡಿಸಿ ತೊಗಟೆಯ ನಾರಿನಿಂದ ಬಿಗಿದರು. ಅಗಿದು ನುಣ್ಣಗೆ ಮಾಡಿದ ಎರಡು ಬೇರುಗಳ ಲೇಪವನ್ನು ಹಚ್ಚಿ, ಬೆಂಕಿಯ ಮೇಲೆ ಬಾಡಿಸಿದ ಬಾಳೆಯೆಲೆಯನ್ನು ಹೊದಿಸಿ, ಅದರ ಮೇಲೆ ತೊಗಟೆಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರು. ಮೊಳೆಗಳನ್ನು ಚುಚ್ಚುವವರೆಗೆ ಆಕೆ ಕೂಗಲಿಲ್ಲವೆಂದೂ ಒಂದು ಗಂಟೆಯ ಬಳಿಕ ನೆಮ್ಮದಿಯಿಂದಿದ್ದಂತೆ ಕಂಡಳೆಂದೂ ಫೆಲ್ಕಿನ್ ಬರೆಯುತ್ತಾನೆ. ಎರಡು ಗಂಟೆಯ ನಂತರ ಮಗುವನ್ನು ಮೊಲೆಗೆ ಹಿಡಿಸಿದರು. ಹಾಲು ಸಾಲದಿದ್ದುದರಿಂದ ಮೊದಲ ಹತ್ತು ದಿನ ಹೆಚ್ಚಾಗಿ ಒಬ್ಬ ಗೆಳತಿಯೇ ಮಗುವಿಗೆ ಹಾಲೂಡಿದಳು. ಹನ್ನೊಂದನೆಯ ದಿನಕ್ಕೆ ಗಾಯ ಮಾಯ್ದಿತ್ತು.

ಇದು ಒಬ್ಬನೇ ಸಾಕ್ಷಿಯ ಹೇಳಿಕೆ. ಆ ಎಚ್ಚರವನ್ನಿಟ್ಟುಕೊಂಡೇ ಹೇಳುವುದಾದರೆ, ವೈದ್ಯಚರಿತ್ರೆಕಾರರು ಈ ವೃತ್ತಾಂತವನ್ನು ಉಲ್ಲೇಖಿಸುವಾಗ ಚಾಕು, ಮದ್ಯ, ಕಬ್ಬಿಣಗಳ ಮೇಲೆ ದೃಷ್ಟಿಯಿಡುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಆಮೇಲಿನವು: ಬಾಡಿಸಿದ ಎಲೆಯ ಬಿಸುಪು, ಬಿಗಿದ ಪಟ್ಟಿ, ಎರಡೇ ಗಂಟೆಯಲ್ಲಿ ಮೈಗೆ ಬಂದ ಮಗು, ಹಾಲೂಡಿದ ಗೆಳತಿ. ಇವುಗಳಲ್ಲಿ ಯಾವುದನ್ನೂ ಮದ್ದಿನ ಪಟ್ಟಿಯಲ್ಲಿ ಸೇರಿಸುವಂತಿಲ್ಲ.

*

ಯುರೋಪಿನಲ್ಲಿ ತಾಯಂದಿರು ಬದುಕುಳಿಯತೊಡಗಿದುದು ಇದೇ ಕಾಲದಲ್ಲಿ. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎದುವಾರ್ದೊ ಪೊರ್ರೊ ಗರ್ಭಕೋಶವನ್ನೇ ತೆಗೆದುಹಾಕಿ ತಾಯಿಯನ್ನುಳಿಸಿದನು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಕ್ರಮವನ್ನು ನಿರೂಪಿಸಿದನು. 1900ರಲ್ಲಿ ಫಾನೆನ್‌ಸ್ಟೀಲ್ ವಿವರಿಸಿದ, ಕಿಬ್ಬೊಟ್ಟೆಯ ಕೆಳಗೆ ಅಡ್ಡಲಾಗಿ ಹಾಕುವ ಕೊಯ್ತ ಮುಂದೆ ಬಳಕೆಗೆ ಬಂದಿತು. ಈ ಭಾಗ ಸುಪರಿಚಿತವಾದುದರಿಂದ ವಿಸ್ತರಿಸುವುದಿಲ್ಲ.

ಕಡಿಮೆ ಪರಿಚಿತವಾದುದು ಹಾಸಿಗೆಯ ಚರಿತ್ರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಟ್ಟೆಯ ಶಸ್ತ್ರಕ್ರಿಯೆಯಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸಿಡುವುದು ಪಾಶ್ಚಾತ್ಯ ವೈದ್ಯದ ನಿಯಮವೇ ಆಗಿತ್ತು. 1899ರಲ್ಲಿ ಶಿಕಾಗೊದ ಎಮಿಲ್ ರೀಸ್ ಎಂಬ ಸ್ತ್ರೀರೋಗತಜ್ಞನು ತನ್ನ ರೋಗಿಗಳನ್ನು ಬೇಗನೆ ಎಬ್ಬಿಸಿ ನಡೆಸಿದರೆ ಹಾನಿಯಿಲ್ಲ, ಅವರು ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ಬರೆದನು. ಆ ಮಾತಿಗೆ ದೊಡ್ಡ ಮನ್ನಣೆ ದೊರೆಯಲು ನಾಲ್ಕು ದಶಕಗಳೇ ಬೇಕಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಸಿಗೆಗಳಿಗೂ ದಾದಿಯರಿಗೂ ಕೊರತೆಯುಂಟಾಗಿ ರೋಗಿಗಳನ್ನು ಬೇಗ ಎಬ್ಬಿಸುವುದು ಅನಿವಾರ್ಯವಾಯಿತು. 1946ರಲ್ಲಿ ಡೇನಿಯಲ್ ಲೈತೌಸರನು ಈ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದನು. 1947ರಲ್ಲಿ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯನು ಹಾಸಿಗೆಯ ಅಪಾಯಗಳನ್ನು ಕುರಿತು ಬರೆದ ಲೇಖನ ಇಂದಿಗೂ ಓದಲು ಸ್ವಾರಸ್ಯಕರವಾದುದು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಶ್ವಾಸಕೋಶದಲ್ಲಿ ಕಫ ಕಟ್ಟುವುದು, ಕರುಳು ಮಂದವಾಗಿ ಹೊಟ್ಟೆಯುಬ್ಬುವುದು ಇವೆಲ್ಲ ಮಲಗಿದವರನ್ನು ಹೆಚ್ಚಾಗಿ ಕಾಡುತ್ತವೆ. ಸಿಸೇರಿಯನ್ ಆದವರನ್ನು ಮೊದಲ ದಿನವೇ ಮೆಲ್ಲಗೆ ಎಬ್ಬಿಸಿ ನಡೆಸುವ ಇಂದಿನ ಪದ್ಧತಿಯ ಹಿಂದೆ ಇರುವುದು ಈ ಅನುಭವ.

ಇಲ್ಲಿಗೆ ಬಾಣಂತಿಕೋಣೆಯ ಪರಂಪರೆಯೊಡನೆ ನಮ್ಮ ಮೊದಲ ಜಗಳ ಆರಂಭವಾಗುತ್ತದೆ. ಹಸಿಮೈ ಅಲುಗಾಡಬಾರದು, ಗಾಳಿಗೆ ಹೋಗಬಾರದು, ತಿಂಗಳೊಪ್ಪತ್ತು ಹೊಸಲು ದಾಟಬಾರದು ಎಂಬುದು ಅನುಕೂಲಸ್ಥರ ಮನೆಗಳ ನಿಯಮ. ಹೊಲಗೆಲಸದ ಹೆಂಗಸರಿಗೆ ಈ ನಿಯಮವನ್ನು ಪಾಲಿಸುವ ಸೌಲಭ್ಯ ಎಂದೂ ಇರಲಿಲ್ಲ. ಅವರು ಬೇಗನೆ ಎದ್ದುದು ಬಡತನದಿಂದ, ಯುರೋಪಿನ ರೋಗಿಗಳು ಬೇಗನೆ ಎದ್ದುದು ಯುದ್ಧದಿಂದ. ಒಂದಂತೂ ನಿಜ: ಶಸ್ತ್ರಕ್ರಿಯೆಯ ಬಳಿಕ ಅಡ್ಡಬಿದ್ದಿರುವುದೇ ಆರೈಕೆಯೆಂಬ ನಂಬಿಕೆಯಲ್ಲಿ ಬಾಣಂತಿಕೋಣೆಯೂ ಹತ್ತೊಂಬತ್ತನೆಯ ಶತಮಾನದ ಆಸ್ಪತ್ರೆಯೂ ಸಮಾನವಾಗಿ ತಪ್ಪಿದ್ದವು.

*

ಈಗ ಹೊಟ್ಟೆಪಟ್ಟಿಗೆ ಬರೋಣ. ಅಕ್ಕನ ಮಾತನ್ನು ಕೇಳಿದ ಆರು ತಿಂಗಳ ಮೇಲೆ ಬೇರೊಂದು ಕಾರಣಕ್ಕಾಗಿ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ತೆರೆದಾಗ ನಾವು ಸ್ವಲ್ಪ ಹೊತ್ತು ಪುಟ ತಿರುವಲಾಗದೆ ಕುಳಿತೆವು. ಹೆತ್ತವಳಿಗೆ ಸ್ನೇಹವನ್ನು, ಎಂದರೆ ತುಪ್ಪ ಎಣ್ಣೆಗಳನ್ನು ಕುಡಿಸಿದ ಮೇಲೆ, ಹೊಟ್ಟೆಗೆ ತುಪ್ಪವನ್ನೂ ಎಣ್ಣೆಯನ್ನೂ ಸವರಿ ದೊಡ್ಡದಾದ ಶುಭ್ರವಸ್ತ್ರದಿಂದ ಸುತ್ತಬೇಕೆಂದು ಅಲ್ಲಿ ಹೇಳಿದೆ. ಕಾರಣವನ್ನೂ ಕೊಟ್ಟಿದೆ: ಹಾಗೆ ಮಾಡಿದರೆ ಅವಕಾಶವಿಲ್ಲದುದರಿಂದ ವಾಯುವು ಉದರದಲ್ಲಿ ವಿಕಾರವನ್ನುಂಟುಮಾಡಲಾರದು. ಇದು ಅಕ್ಷರಶಃ ಅಕ್ಕನ ಮಾತು. ಹೊಟ್ಟೆ ಖಾಲಿಯಾಗಿದೆ, ಬಿಗಿಯದಿದ್ದರೆ ಗಾಳಿ ಹೊಗುತ್ತದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ಅಕ್ಕ ಚರಕನ ಹೆಸರನ್ನೂ ಕೇಳಿದವರಲ್ಲ.

1938ರಲ್ಲಿ ನೇಪಾಳದ ಹೇಮರಾಜಶರ್ಮರ ವಿಸ್ತಾರವಾದ ಉಪೋದ್ಘಾತದೊಡನೆ ಅಚ್ಚಾದ ಕಾಶ್ಯಪಸಂಹಿತೆ ಇನ್ನೂ ಮುಂದೆ ಹೋಗುತ್ತದೆ. ಅದರ ಸೂತಿಕೋಪಕ್ರಮಣೀಯ ಎಂಬ ಅಧ್ಯಾಯದಲ್ಲಿ ಹೆತ್ತವಳನ್ನು ಬೋರಲು ಮಲಗಿಸಿ ಬೆನ್ನನ್ನು ತಿಕ್ಕುವುದು, ಹೊಟ್ಟೆಯನ್ನು ಒತ್ತುವುದು, ದೊಡ್ಡ ಬಟ್ಟೆಯಿಂದ ಹೊಟ್ಟೆ ಪಕ್ಕೆಗಳನ್ನು ಸುತ್ತುವುದು, ಬೆಚ್ಚಗಿನ ಬಲಾತೈಲವನ್ನು ತುಂಬಿದ ಚರ್ಮದ ಆಸನದ ಮೇಲೆ ಕೂರಿಸುವುದು ಬರುತ್ತವೆ. ಸುತ್ತಿದ ಬಟ್ಟೆಯಿಂದ ಉದರವು ತನ್ನ ಸ್ಥಾನಕ್ಕೆ ಮರಳುತ್ತದೆ, ವಾಯು ಶಮನವಾಗುತ್ತದೆ ಎಂಬುದು ಅದರ ನಿಲುವು. ದೇಶ ಕುಲಗಳಿಗೆ ತಕ್ಕಂತೆ ಬಾಣಂತಿಯ ಉಪಚಾರ ಬೇರೆಯಾಗುತ್ತದೆಂಬ ಎಚ್ಚರವೂ ಆ ಗ್ರಂಥಕ್ಕಿದೆ.

ಗ್ರಂಥದಿಂದ ಮನೆಗೆ ಬಂದಿತೋ, ಮನೆಯಿಂದ ಗ್ರಂಥಕ್ಕೆ ಹೋಯಿತೋ? ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಮೊದಲನೆಯದನ್ನು ಊಹಿಸುವ ಚಪಲ ಸಹಜವಾದುದು. ಆದರೆ ಎರಡನೆಯದೇ ಹೆಚ್ಚು ಸಂಭವನೀಯವೆಂದು ನಮ್ಮ ಅಭಿಪ್ರಾಯ. ಸೂತಿಕಾಗೃಹದಲ್ಲಿ ಅನೇಕ ಸಲ ಹೆತ್ತ, ಅನುಭವಿಗಳಾದ ಸ್ತ್ರೀಯರು ಇರಬೇಕೆಂದು ಚರಕನೇ ವಿಧಿಸುತ್ತಾನೆ. ಅಲ್ಲಿ ನಡೆಯುತ್ತಿದ್ದುದನ್ನು ಬಲ್ಲವರು ಅವರು. ಆಚಾರ್ಯನು ಅವರಿಂದ ಕೇಳಿ ಬರೆದಿರಬೇಕು. ಕನ್ನಡದ ವೈದ್ಯಕವಿಗಳ ಪ್ರಧಾನ ಆಸಕ್ತಿ ಔಷಧಯೋಗಗಳಲ್ಲಿದ್ದುದರಿಂದ ಕೈಕೆಲಸದ ಈ ವಿದ್ಯೆ ಬಾಯಿಮಾತಿನಲ್ಲಿಯೇ ಉಳಿಯಿತು. ಅದರ ಕುರುಹುಗಳನ್ನು 1931ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ಗರತಿಯ ಹಾಡಿನಂಥ ಸಂಗ್ರಹಗಳ ತವರಿನ ತ್ರಿಪದಿಗಳಲ್ಲಿ ಹುಡುಕಬೇಕೇ ಹೊರತು ಕಂದವೃತ್ತಗಳಲ್ಲಿ ಅಲ್ಲ.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಅನುಕೂಲವುಂಟು. ಕನ್ನಡದ ಬಾಣಂತಿ, ತೆಲುಗಿನ ಬಾಲಿಂತ, ಮರಾಠಿಯ ಬಾಳಂತೀಣ ಪದಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಅವುಗಳ ನಂಟು ತಾನೇ ಎದ್ದು ಕಾಣುತ್ತದೆ. ಪದ ಮಾತ್ರವಲ್ಲ, ಎಣ್ಣೆನೀರು, ಧೂಪ, ಅಗ್ಗಿಷ್ಟಿಕೆಯ ಕಾವು, ಹೊಟ್ಟೆಗೆ ಬಟ್ಟೆ, ಅಂಟಿನುಂಡೆ ಅಥವಾ ಅದರ ಸೋದರ ತಿನಿಸು, ಇವು ಮೂರು ಭಾಷೆಗಳ ನಾಡಿನಲ್ಲಿಯೂ ಹಬ್ಬಿವೆ. ಪುಣೆಯ ಅಥವಾ ಹೈದರಾಬಾದಿನ ಕನ್ನಡ ಮನೆಯಲ್ಲಿ ಎರಡು ಬಾಣಂತನಗಳ ಪದಗಳು ಒಂದೇ ಕೋಣೆಯಲ್ಲಿ ಸೇರಿಕೊಂಡಿರುತ್ತವೆ. ಧಾರವಾಡದಲ್ಲಿ ಕುಳಿತವರಿಗೆ ಈ ಸಾಮಗ್ರಿ ದೊರೆಯದು.

*

ಇಷ್ಟೆಲ್ಲವೂ ಸಹಜ ಹೆರಿಗೆಗೆ ಸಂಬಂಧಿಸಿದುದಲ್ಲವೇ, ಕೊಯ್ದ ಹೊಟ್ಟೆಗೆ ಇವು ಹೇಗೆ ಸಲ್ಲುತ್ತವೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಸಂಹಿತೆಗಳಲ್ಲಿ ಹುಡುಕಲಾಗದು, ಇತ್ತೀಚಿನ ಪ್ರಯೋಗಗಳಲ್ಲಿ ಹುಡುಕಬೇಕು.

ನೋವಿನ ಅಧ್ಯಯನದಲ್ಲಿ 1965 ಒಂದು ಮುಖ್ಯವಾದ ವರ್ಷ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಆ ವರ್ಷ ದ್ವಾರಸಿದ್ಧಾಂತವನ್ನು ಮಂಡಿಸಿದರು. ನೋವಿನ ಸಂಕೇತಗಳು ಮಿದುಳಿಗೆ ಹೋಗುವ ದಾರಿಯಲ್ಲಿ ಬೆನ್ನುಹುರಿಯೊಳಗೆ ಒಂದು ಬಾಗಿಲಿನಂಥ ಏರ್ಪಾಡಿದೆ. ಸ್ಪರ್ಶವನ್ನೂ ಒತ್ತಡವನ್ನೂ ಹೊತ್ತು ತರುವ ದಪ್ಪ ನರತಂತುಗಳು ಉದ್ರೇಕಗೊಂಡರೆ ಆ ಬಾಗಿಲು ಓರೆಯಾಗುತ್ತದೆ. ಮನಸ್ಸಿನ ಸ್ಥಿತಿಯೂ ಮೇಲಿನಿಂದ ಅದನ್ನು ತೆರೆಯಬಲ್ಲುದು, ಮುಚ್ಚಬಲ್ಲುದು. ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಗೊಂಡಿವೆ. ಆದರೆ ಪೆಟ್ಟು ಬಿದ್ದಲ್ಲಿ ತಾಯಿ ತಿಕ್ಕಿದರೆ ಮಗುವಿನ ಅಳು ಏಕೆ ತಗ್ಗುತ್ತದೆ ಎಂಬುದಕ್ಕೆ ಅದು ಮೊದಲ ಬಾರಿಗೆ ಗೌರವಯುತವಾದ ವಿವರಣೆಯನ್ನು ಕೊಟ್ಟಿತು. ಚರ್ಮದ ಮೇಲಿನಿಂದ ಸಣ್ಣ ವಿದ್ಯುತ್ತನ್ನು ಹಾಯಿಸಿ ನೋವು ತಗ್ಗಿಸುವ ಟೆನ್ಸ್ ಎಂಬ ಉಪಕರಣವೂ ಈ ವಿಚಾರದಿಂದಲೇ ಹುಟ್ಟಿದುದು.

2020ರಲ್ಲಿ ಕಾಕ್ರೇನ್ ಸಂಸ್ಥೆ ಸಿಸೇರಿಯನ್ ನಂತರದ ನೋವಿಗೆ ಬಳಸುವ ಪೂರಕ ಉಪಾಯಗಳ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಒಟ್ಟು 37 ಅಧ್ಯಯನಗಳು, 3,076 ಮಹಿಳೆಯರು. ನೋವುನಿವಾರಕ ಔಷಧಿಯ ಜೊತೆಗೆ ಬಿಂದುಗಳನ್ನು ಒತ್ತುವ ಅಥವಾ ಸೂಜಿ ಚುಚ್ಚುವ ಚಿಕಿತ್ಸೆ, ಸುಗಂಧ, ಟೆನ್ಸ್ ಇವುಗಳನ್ನು ಸೇರಿಸಿದರೆ ಮೊದಲ ದಿನದ ನೋವು ಇನ್ನಷ್ಟು ತಗ್ಗಬಹುದೆಂದು ಅದು ಕಂಡುಕೊಂಡಿತು. ರೇಖಿ ಮುಂತಾದವುಗಳ ಬಗ್ಗೆ ಖಚಿತವಾಗಿ ಏನನ್ನೂ ಹೇಳಲಾಗಲಿಲ್ಲ. ಸಾಕ್ಷ್ಯಗಳ ಬಲ ಬಹುತೇಕ ಕಡಿಮೆಯೆಂದು ಸಮೀಕ್ಷೆಯೇ ಎಚ್ಚರಿಸುತ್ತದೆ. 'ಜೊತೆಗೆ' ಎಂಬ ಪದವನ್ನು ಓದುಗರು ಅಡಿಗೆರೆ ಎಳೆದು ಓದಬೇಕು. ಇವು ಔಷಧಿಗೆ ಬದಲಿಯಲ್ಲ. ಕೊಯ್ದ ಹೊಟ್ಟೆಯ ತಾಯಿಗೆ ಮಾತ್ರೆ ಕೊಡದೆ ಅಂಗಾಲು ತಿಕ್ಕಿ ಸುಮ್ಮನಾಗುವುದು ಕ್ರೌರ್ಯವೇ ಸರಿ.

ಹೊಟ್ಟೆಪಟ್ಟಿಯ ಪ್ರಯೋಗಗಳ ಫಲ ಮಿಶ್ರವಾಗಿದೆ. ಕೆಲವು ಅಧ್ಯಯನಗಳಲ್ಲಿ ಪಟ್ಟಿ ಕಟ್ಟಿದವರ ನೋವು ಕಡಿಮೆಯಾಗಿ ನಡಿಗೆ ಸುಲಭವಾಯಿತು. ಕೆಲವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಾಯಕ್ಕೆ ಆಸರೆ ದೊರೆತರೆ ಏಳುವಾಗ ಕೆಮ್ಮುವಾಗ ಜಗ್ಗುವುದು ತಪ್ಪುತ್ತದೆಂಬುದು ವಿವರಣೆ. ಗಾಳಿ ಹೊಗುವುದೆಂಬ ಚರಕನ ವಿವರಣೆ ಇಲ್ಲಿಗೆ ಬೇಕಾಗಿಲ್ಲ. ಕ್ರಿಯೆ ಉಳಿಯಿತು, ಕಾರಣ ಬದಲಾಯಿತು. ಆದರೆ ಕಟ್ಟುವ ಜಾಗವೂ ಬದಲಾಗಬೇಕಾಗುತ್ತದೆ. ಹಳೆಯ ಪಟ್ಟಿ ಹೊಕ್ಕುಳ ಸುತ್ತ ಬಿಗಿಯಾಗಿರುತ್ತಿತ್ತು. ಫಾನೆನ್‌ಸ್ಟೀಲ್ ಕೊಯ್ತ ಅದಕ್ಕಿಂತ ಬಹಳ ಕೆಳಗಿದೆ. ಪಟ್ಟಿಯ ಅಂಚು ಹೊಲಿಗೆಯ ಮೇಲೆ ಬಂದರೆ ಉಜ್ಜಿ ಹುಣ್ಣಾಗುತ್ತದೆ, ಉಸಿರು ಕಟ್ಟುವಷ್ಟು ಬಿಗಿದರೆ ಬೇರೆ ತೊಂದರೆ. ಗದರಿಸಿದ ದಾದಿ ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಅಕ್ಕ ಎರಡು ಬೆರಳು ಕೆಳಗಿಳಿಸಿ ಕಟ್ಟುತ್ತಿದ್ದರು.

ಫಿಸಿಯೋಥೆರಪಿಯವರು ಕಲಿಸುವ ಇನ್ನೊಂದು ಪಾಠ ನಮಗೆ ನಗೆ ತರಿಸಿತು. ಅಂಗಾತ ಮಲಗಿದಲ್ಲಿಂದ ನೇರವಾಗಿ ಏಳಬೇಡಿ, ಮೊಣಕಾಲು ಮಡಿಸಿ ಪೂರ್ತಿ ಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ ಎನ್ನುತ್ತಾರೆ. ಹೊಟ್ಟೆಯ ಸ್ನಾಯುಗಳಿಗೆ ಎಳೆತ ಕಡಿಮೆ. ಬಲಮಗ್ಗುಲಲ್ಲಿ ಏಳಬೇಕೆಂದು ಬೈಸಿಕೊಳ್ಳದೆ ಬೆಳೆದ ಕನ್ನಡ ಮಗು ಯಾವುದಿದೆ? ಶುಭಾಶುಭದ ಮಾತಾಗಿದ್ದುದು ಇಲ್ಲಿ ಹೊಲಿಗೆಯನ್ನು ಕಾಯುವ ಉಪಾಯವಾಗಿದೆ. ಕೆಮ್ಮುವಾಗ ನಗುವಾಗ ಗಾಯಕ್ಕೆ ದಿಂಬನ್ನು ಅಪ್ಪಿಹಿಡಿಯುವುದು, ಮಗುವನ್ನು ಹೊಟ್ಟೆಯ ಮೇಲೆ ಅಡ್ಡ ಹಾಕಿಕೊಳ್ಳದೆ ಕಂಕುಳಡಿಗೆ ಹಿಡಿದೋ ಮಗ್ಗುಲಾಗಿ ಮಲಗಿಯೋ ಹಾಲೂಡುವುದು ಇವೂ ಅದೇ ಜಾತಿಗೆ ಸೇರಿದವು.

ತಾಂಬೂಲದ ವಿಷಯ ಹೆಚ್ಚು ಎಚ್ಚರವನ್ನು ಬೇಡುತ್ತದೆ. ಸಿಸೇರಿಯನ್ ಆದವರಿಗೆ ಚೂಯಿಂಗ್ ಗಮ್ ಅಗಿಯಲು ಕೊಟ್ಟರೆ ಕರುಳು ಬೇಗನೆ ಎಚ್ಚೆತ್ತು ವಾಯು ಸರಿಯುತ್ತದೆಂದು 2016ರ ಕಾಕ್ರೇನ್ ಸಮೀಕ್ಷೆ ತೋರಿಸಿದೆ. ವ್ಯತ್ಯಾಸ ಸುಮಾರು ಏಳು ಗಂಟೆಗಳಷ್ಟು. ಅಗಿಯುವಿಕೆ ಊಟದ ಭ್ರಮೆಯನ್ನುಂಟುಮಾಡಿ ಕರುಳನ್ನು ಚುರುಕುಗೊಳಿಸುತ್ತದೆ ಎಂಬುದು ವಿವರಣೆ. ಶಸ್ತ್ರಕ್ರಿಯೆಯ ಬಳಿಕ ಹೊಟ್ಟೆಯುಬ್ಬರದ ನೋವು ಗಾಯದ ನೋವಿಗಿಂತ ಹೆಚ್ಚು ಕಾಡುವುದುಂಟು. ಬಾಣಂತಿಗೆ ಊಟದ ನಂತರ ವೀಳ್ಯ ಕೊಡುವ ನಮ್ಮ ಮನೆಗಳ ವಾಡಿಕೆ ಕೂಡಲೇ ನೆನಪಾಗುತ್ತದೆ. ಆದರೆ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ಸಾದೃಶ್ಯವನ್ನು ಗುರುತಿಸೋಣ, ಶಿಫಾರಸು ಮಾಡುವುದು ಬೇಡ.

ತೀರ ಬಿಟ್ಟುಬಿಡಬೇಕಾದವೂ ಇವೆ. ಬಾಣಂತಿಗೆ ನೀರು ಕುಡಿಸದಿರುವುದು ಮಲಬದ್ಧತೆಗೂ ರಕ್ತ ಹೆಪ್ಪುಗಟ್ಟುವುದಕ್ಕೂ ದಾರಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಹಂಡೆಯ ಕುದಿಬಿಸಿ ನೀರನ್ನು ಹೊಟ್ಟೆಗೆ ರಭಸದಿಂದ ಎರಚುವುದು ಹಸಿಗಾಯಕ್ಕೆ ಸಲ್ಲದು. ಕೊಯ್ತದ ಸುತ್ತಲಿನ ಚರ್ಮ ಕೆಲಕಾಲ ಜೋಮು ಹಿಡಿದಿರುವುದರಿಂದ ಸುಟ್ಟರೂ ಅವಳಿಗೆ ತಿಳಿಯದು.

*

ಈ ವಿಚಾರ ಹೊರನಾಡ ಕನ್ನಡಿಗರಿಗೆ ಏಕೆ ತುರ್ತಿನದೆಂಬುದನ್ನು ಅಂಕಿಗಳು ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆಗಳು ಸಿಸೇರಿಯನ್ ಆಗಿದ್ದವು. 2005-06ರಲ್ಲಿ ಈ ಪ್ರಮಾಣ 8.5 ಇದ್ದಿತು. ಕರ್ನಾಟಕದಲ್ಲಿ 31.5, ಮಹಾರಾಷ್ಟ್ರದಲ್ಲಿ 25.4, ದೆಹಲಿಯಲ್ಲಿ 23.6, ತಮಿಳುನಾಡಿನಲ್ಲಿ 44.9, ತೆಲಂಗಾಣದಲ್ಲಿ 60.7. ಇಷ್ಟೊಂದು ಕೊಯ್ತ ಅವಶ್ಯಕವೇ ಎಂಬ ಚರ್ಚೆ ಬೇರೆ. ಅದು ನಮ್ಮ ಅಧಿಕಾರಕ್ಕೆ ಮೀರಿದುದು. ಹೈದರಾಬಾದಿನ ಅಥವಾ ಚೆನ್ನೈನ ಕನ್ನಡ ಮನೆಗೆ ಊರಿನಿಂದ ಬರುವ ಅವ್ವ, ಅತ್ತೆ, ದೊಡ್ಡವ್ವಂದಿರು ತಮ್ಮ ಕಾಲದಲ್ಲಿ ಕಾಣದ ಬಗೆಯ ಬಾಣಂತಿಯನ್ನು ಆರೈಕೆ ಮಾಡಬೇಕಾಗಿದೆ ಎಂಬುದು ಮಾತ್ರ ಸ್ಪಷ್ಟ. ಆಸ್ಪತ್ರೆಯ ಭಾಷೆ ಅವರಿಗೆ ಬಾರದು, ಅವರ ಭಾಷೆ ಆಸ್ಪತ್ರೆಗೆ ಬಾರದು. ನಡುವೆ ಮಲಗಿದವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಅನುಪಮಾ ನಿರಂಜನರು ಕನ್ನಡದಲ್ಲಿ ತಾಯಿ-ಮಗುವಿನ ಆರೋಗ್ಯವನ್ನು ಕುರಿತು ತಿಳಿಯಾಗಿ ಬರೆದು ಒಂದು ತಲೆಮಾರಿಗೆ ನೆರವಾದರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಆ ವರ್ಷದ ಕೊನೆಯಲ್ಲಿಯೇ ಅವರು ತೀರಿಕೊಂಡರು. ಸಾವಿರಾರು ಹೆರಿಗೆಗಳನ್ನು ಮಾಡಿಸಿದವರನ್ನು ಸನ್ಮಾನಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಅವರ ಕೈ ಮಾಡಿದ ಕೆಲಸಗಳಿಗೆ ಅವರು ಬಳಸಿದ ಕ್ರಿಯಾಪದಗಳನ್ನು ಪಟ್ಟಿಮಾಡಿದವರು ಎಷ್ಟು ಮಂದಿ? ನೀವು, ತಿಕ್ಕು, ಒತ್ತು, ಕಾಸು, ಬಿಗಿ, ಸುತ್ತು, ನೀರೆರೆ, ಹೊಗೆ ಹಾಕು. ಇವುಗಳಲ್ಲಿ ಪ್ರತಿಯೊಂದಕ್ಕೂ ಪ್ರದೇಶದಿಂದ ಪ್ರದೇಶಕ್ಕೆ ಅರ್ಥಛಾಯೆ ಬೇರೆ. ಶಬ್ದಕೋಶಗಳು ಕೊಡುವ ಒಂದು ಸಾಲಿನ ಅರ್ಥ ಸಾಲದು.

ಆದುದರಿಂದ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿರುವ ಸಂಶೋಧಕ ಮಿತ್ರರಲ್ಲಿ ನಮ್ಮ ಕೋರಿಕೆ ಇದು. ತಮ್ಮ ಪರಿಚಯದ ಮನೆಗಳಲ್ಲಿ ಬಾಣಂತನಕ್ಕೆ ಬಂದಿರುವ ಹಿರಿಯರನ್ನು ಮಾತಾಡಿಸಿ, ಹೊಟ್ಟೆಗೆ ಕಟ್ಟುವ ಬಟ್ಟೆಗೆ ಅವರು ಬಳಸುವ ಹೆಸರೇನು, ಎಷ್ಟು ಅಗಲ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಿನ, ಯಾವ ಕಾರಣ ಹೇಳುತ್ತಾರೆ, ಆಪರೇಶನ್ ಆದವಳಿಗೆ ಏನನ್ನು ಬದಲಿಸಿಕೊಂಡರು, ಯಾರು ತಡೆದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಕೊನೆಯ ಎರಡು ಪ್ರಶ್ನೆಗಳನ್ನು ಬಿಡಬಾರದು. ಪರಂಪರೆಯನ್ನು ದಾಖಲಿಸುವವರು ಅದು ಬದಲಾದ ಗಳಿಗೆಯನ್ನು ಬಿಟ್ಟುಬಿಡುವುದೇ ಹೆಚ್ಚು.

ನಮ್ಮ ಕಡೆಯಿಂದ ಮೊದಲ ದಾಖಲೆ: ಸ್ಥಳ ಗದಗ, ಹೇಳಿದವರು ಎಪ್ಪತ್ತು ದಾಟಿದ ಗೃಹಿಣಿ, ಬಟ್ಟೆಯ ಹೆಸರು 'ಹೊಟ್ಟಿಪಟ್ಟಿ', ಅಗಲ ಒಂದು ಗೇಣು ನಾಲ್ಕು ಬೆರಳು, ಉದ್ದ ಆರು ಮೊಳ, ಹಳೆಯ ಸೀರೆಯದೇ ಆಗಬೇಕು, ಹೊಸದು ಚುಚ್ಚುತ್ತದೆ. ಆಪರೇಶನ್ ಆದವಳಿಗೆ ಮಾಡಿಕೊಂಡ ಬದಲಾವಣೆ: ಮನೆಗೆ ಬಂದ ಮೇಲೆ ಎಲಾಸ್ಟಿಕ್ ಬೆಲ್ಟಿನ ಒಳಗೆ, ಮೈಗೆ ತಾಗುವಂತೆ, ಅದೇ ಪಟ್ಟಿಯ ಒಂದು ಮಡಿಕೆಯನ್ನು ಇಟ್ಟರು. ಬೆಲ್ಟಿನ ಅಂಚು ಕೊರೆಯುತ್ತಿತ್ತೆಂದು ಮಗಳೇ ಕೇಳಿ ಇಡಿಸಿಕೊಂಡಿದ್ದಳು.